ಎಲ್ ಸಾಲ್ವಡೋರ್: ಹಂತಕ ಪಡೆಗಳ ಜಾಡು ಹಿಡಿಯುವುದು ಹೇಗೆ

ಹಂತಕ ಪಡೆ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಸರ್ಕಾರಕ್ಕೂ ಸುಳಿವು ಸಿಗದ ಒಂದು ಗುಪ್ತ ಗ್ಯಾಂಗು. ಎಲ್ ಸಾಲ್ವಡೋರ್‌ನ ದಾಖಲೆಗಳನ್ನು ಓದುತ್ತ ಹೋದರೆ ಈ ಕಲ್ಪನೆ ಬೇಗನೆ ಕರಗುತ್ತದೆ. ಮಧ್ಯ ಅಮೆರಿಕದ ಈ ಪುಟ್ಟ ದೇಶದಲ್ಲಿ ಸರ್ಕಾರ ಮತ್ತು ಎಡಪಂಥೀಯ ಗೆರಿಲ್ಲಾಗಳ ನಡುವೆ 1980ರಿಂದ 1992ರ ಜನವರಿವರೆಗೆ ನಡೆದ ಅಂತರ್ಯುದ್ಧದಲ್ಲಿ ಸುಮಾರು 75,000 ಜನ ಸತ್ತರು. ರಾತ್ರಿ ಬಾಗಿಲು ಒಡೆದು ಜನರನ್ನು ಎಳೆದೊಯ್ದವರಲ್ಲಿ ಅನೇಕರಿಗೆ ಬೆಳಿಗ್ಗೆ ಹಾಜರಿ ಹಾಕಬೇಕಾದ ಸರ್ಕಾರಿ ನೌಕರಿ ಇತ್ತು. ಅವರ ಕೈಯಲ್ಲಿದ್ದ ಪಟ್ಟಿ ಸರ್ಕಾರಿ ಕಡತದಿಂದ ಬಂದದ್ದು, ಅವರು ಸಲೀಸಾಗಿ ದಾಟಿಹೋದ ನಾಕಾಬಂದಿ ಸರ್ಕಾರದ್ದು. ಹೆಣ ಬಿದ್ದ ಮೇಲೆ ‘ಅಪರಿಚಿತ ಶಸ್ತ್ರಧಾರಿಗಳು’ ಎಂದು ಬರೆದುಕೊಂಡು ಕೈತೊಳೆದುಕೊಂಡ ಪೊಲೀಸರೂ ಅದೇ ಸರ್ಕಾರದವರೇ.

ಹಾಗಾಗಿ ಗುಂಡು ಹಾರಿಸಿದವನ ಮುಖ ಹುಡುಕುತ್ತ ಹೊರಟರೆ ಇಂಥ ಪ್ರಕರಣಗಳಲ್ಲಿ ಏನೂ ಸಿಗುವುದಿಲ್ಲ. ಹೆಸರು ಪಟ್ಟಿಗೆ ಸೇರಿದ್ದು ಎಲ್ಲಿ, ಗಾಡಿ ಯಾರದ್ದು, ಆ ರಸ್ತೆಯಲ್ಲಿ ಆ ರಾತ್ರಿ ಯಾರ ಗಸ್ತು ಇತ್ತು, ಶವ ಮಹಜರು ಮಾಡಿದವರು ಯಾರು, ಕೋರ್ಟಿನಲ್ಲಿ ಕಡತ ಯಾವ ಮೇಜಿನ ಮೇಲೆ ನಿಂತುಹೋಯಿತು: ಈ ಒಂದೊಂದು ಕೊಂಡಿಯೂ ಯಾವುದೋ ಕಚೇರಿಯ ಮೂಲಕ ಹಾದುಹೋಗಿರುತ್ತದೆ. ಕಚೇರಿ ಎಂದ ಮೇಲೆ ಕಾಗದ ಇದ್ದೇ ಇರುತ್ತದೆ. ಎಲ್ ಸಾಲ್ವಡೋರ್‌ನಲ್ಲಿ ನಿಜ ಹೊರಗೆ ಬಂದಷ್ಟೂ ಬಂದದ್ದು ಈ ದಾರಿಯಲ್ಲೇ.

ಪಟ್ಟಿಯಿಂದ ಶುರುಮಾಡೋಣ. 1960ರ ದಶಕದಲ್ಲಿ, ಹಳ್ಳಿಗಾಡಿನ ಪೊಲೀಸ್ ಕೆಲಸ ನೋಡುತ್ತಿದ್ದ ಸೈನಿಕ ಪಡೆ ನ್ಯಾಷನಲ್ ಗಾರ್ಡ್‌ನ ಜನರಲ್ ಹೊಸೆ ಆಲ್ಬೆರ್ತೊ ಮೆದ್ರಾನೊ ‘ಓರ್ದೆನ್’ ಎಂಬ ಅರೆಸೈನಿಕ ಜಾಲ ಕಟ್ಟಿದ. ಹಳ್ಳಿಹಳ್ಳಿಯಲ್ಲೂ ಅದಕ್ಕೆ ಸದಸ್ಯರಿದ್ದರು. ಸದಸ್ಯತ್ವದ ಕಾರ್ಡು ಜೇಬಿನಲ್ಲಿದ್ದರೆ ಗಾರ್ಡ್‌ನವರ ಕಿರುಕುಳ ತಪ್ಪುತ್ತಿತ್ತು, ಸಣ್ಣಪುಟ್ಟ ಅನುಕೂಲವೂ ಆಗುತ್ತಿತ್ತು. ಬದಲಿಗೆ ಮಾಡಬೇಕಾದ ಕೆಲಸ ಒಂದೇ: ಯಾರು ರೈತ ಸಂಘ ಸೇರಿದರು, ಯಾರ ಮನೆಯಲ್ಲಿ ಬೈಬಲ್ ಓದುವ ನೆಪದಲ್ಲಿ ಸಭೆ ನಡೆಯುತ್ತದೆ, ಯಾವ ಪಾದ್ರಿ ಏನು ಮಾತಾಡಿದ ಎಂಬುದನ್ನು ಮೇಲಕ್ಕೆ ಮುಟ್ಟಿಸುವುದು. ಆ ಮಾಹಿತಿಯೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ರಾಷ್ಟ್ರಾಧ್ಯಕ್ಷರ ಕೈಕೆಳಗಿನ ಗುಪ್ತಚರ ಕಚೇರಿ ‘ಆನ್ಸೆಸಾಲ್’ಗೆ. ಬದುವಿನ ಜಗಳ, ಸಾಲದ ತಕರಾರು, ಹಳೆ ಹಗೆ ಎಲ್ಲವೂ ಇಂಥ ಜಾಲದೊಳಗೆ ‘ಕಮ್ಯುನಿಸ್ಟ್’ ಎಂಬ ಒಂದೇ ಶೀರ್ಷಿಕೆಯಡಿ ಕಡತ ಸೇರಿಬಿಡುತ್ತವೆ. ಕಡತಕ್ಕೆ ಹೋದ ಹೆಸರನ್ನು ಯಾರೂ ಮತ್ತೆ ಪರಿಶೀಲಿಸುವುದಿಲ್ಲ. ಗೂಢಚಾರನಿಗೆ ಹೆಸರು ಸೇರಿಸಿದರೆ ಲಾಭ ಉಂಟು, ತೆಗೆದರೆ ಏನೂ ಇಲ್ಲ.

1979ರ ಅಕ್ಟೋಬರ್ 15ರಂದು ಕಿರಿಯ ಅಧಿಕಾರಿಗಳು ದಂಗೆಯೆದ್ದು ಸರ್ಕಾರ ಬದಲಿಸಿದರು. ಹೊಸ ಆಡಳಿತ ಮಂಡಳಿ (ಜುಂಟಾ) ಓರ್ದೆನ್ ಮತ್ತು ಆನ್ಸೆಸಾಲ್ ಎರಡನ್ನೂ ವಿಸರ್ಜಿಸಿತು. ಸುಧಾರಣೆ ಎಂದರೆ ಇದೇ ಎಂದು ಹೊರಗಿನವರು ಸಂಭ್ರಮಿಸಿದರು. ಆದದ್ದು ಬೇರೆ. ಆನ್ಸೆಸಾಲ್‌ನಲ್ಲಿದ್ದ ಮೇಜರ್ ರಾಬರ್ಟೊ ಡಾಬ್ಯುಸನ್ ಕೆಲಸ ಬಿಟ್ಟು ಹೊರಬಂದ, ಕಡತಗಳ ಒಂದು ಭಾಗ ಅವನ ಹಿಂದೆಯೇ ಬಂತು. ಓರ್ದೆನ್‌ನ ಜನ ಊರುಗಳಲ್ಲಿ ಹಾಗೇ ಉಳಿದರು. ಅನೇಕರು ಆಮೇಲೆ ನಾಗರಿಕ ರಕ್ಷಣಾ ದಳಗಳ ಹೆಸರಿನಲ್ಲಿ ಮತ್ತೆ ಕೋವಿ ಹಿಡಿದರು. ಬೋರ್ಡು ಇಳಿಸಿ ಕಡತ ಮತ್ತು ಮನುಷ್ಯರನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಹಿಂದೆ ಕನಿಷ್ಠ ಒಬ್ಬ ರಾಷ್ಟ್ರಾಧ್ಯಕ್ಷ ಉತ್ತರದಾಯಿಯಾಗಿದ್ದ ಕಡತ ಈಗ ಯಾರಿಗೂ ಉತ್ತರ ಕೊಡಬೇಕಿಲ್ಲದವನ ಕೈಗೆ ಹೋಯಿತು.

1980ರ ಮೊದಲ ತಿಂಗಳುಗಳಲ್ಲಿ ಡಾಬ್ಯುಸನ್ ಟಿವಿಯಲ್ಲಿ ಕಾಣಿಸಿಕೊಳ್ಳತೊಡಗಿದ. ಇಂಥವರು ದೇಶದ್ರೋಹಿಗಳು, ಗೆರಿಲ್ಲಾಗಳ ಏಜೆಂಟರು ಎಂದು ಹೆಸರು ಹಿಡಿದು ಓದುತ್ತಿದ್ದ. ಬಡವರ ಪರ ಸರ್ಕಾರಿ ವಕೀಲರ ಮುಖ್ಯಸ್ಥರಾಗಿದ್ದ ಕ್ರಿಶ್ಚಿಯನ್ ಡೆಮಾಕ್ರಟ್ ನಾಯಕ ಮಾರಿಯೊ ಸಮೋರಾ ಹೆಸರೂ ಹಾಗೇ ಬಂತು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 23ರಂದು, ಅವರನ್ನು ಅವರ ಮನೆಯಲ್ಲೇ ಕೊಂದರು. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ ಸಮೋರಾ ಆಗಿನ ಸರ್ಕಾರದಲ್ಲಿ ಪಾಲುದಾರ ಪಕ್ಷದವರು. ಸರ್ಕಾರದ ಒಳಗಿನ ಒಂದು ಬಣ ಇನ್ನೊಂದು ಬಣವನ್ನು ಹೆದರಿಸಲು, ರಾಜಿಯ ಮಾತಾಡುವವರ ಬಾಯಿ ಮುಚ್ಚಿಸಲು ಈ ಪಡೆಗಳು ಬಳಕೆಯಾಗುತ್ತಿದ್ದವು. ಗೆರಿಲ್ಲಾಗಳನ್ನು ಕೊಲ್ಲುವುದಷ್ಟೇ ಗುರಿಯಾಗಿದ್ದರೆ ಸಮವಸ್ತ್ರದ ಸೈನ್ಯ ಸಾಕಿತ್ತು. 1980ರ ಡಿಸೆಂಬರಿನ 507ನೇ ಡಿಕ್ರಿಯಂತೂ ಶಂಕಿತರನ್ನು ತನಿಖೆಯ ಹೆಸರಲ್ಲಿ ಆರು ತಿಂಗಳು ಕೂಡಿಹಾಕಲು ಮಿಲಿಟರಿ ನ್ಯಾಯಾಧೀಶರಿಗೆ ಅವಕಾಶ ಕೊಟ್ಟಿತು. ಅಷ್ಟು ಅಧಿಕಾರ ಕಾನೂನಿನಲ್ಲೇ ಇದ್ದರೂ ಮಫ್ತಿಯಲ್ಲಿ ಬಂದರೆಂದರೆ, ಆ ಕೊಲೆಗೆ ತನ್ನ ಹೆಸರು ಹಚ್ಚಿಕೊಳ್ಳಲು ಯಾರೋ ಸಿದ್ಧರಿರಲಿಲ್ಲ ಎಂದೇ ಅರ್ಥ.

ಪಡೆಗಳು ಹಾಕಿಕೊಂಡ ಹೆಸರುಗಳ ಬಗ್ಗೆ ಒಂದು ಮಾತು. ಬಿಳಿ ಕೈ, ಬಿಳಿ ಯೋಧರ ಒಕ್ಕೂಟ, ಗುಪ್ತ ಕಮ್ಯುನಿಸ್ಟ್ ವಿರೋಧಿ ಸೇನೆ, ಮ್ಯಾಕ್ಸಿಮಿಲಿಯಾನೊ ಹೆರ್ನಾಂದೆಸ್ ಮಾರ್ತಿನೆಸ್ ಬ್ರಿಗೇಡ್. ಕೊನೆಯದು 1932ರಲ್ಲಿ ರೈತ ದಂಗೆಯನ್ನು ಸಾವಿರಾರು ಹೆಣ ಬೀಳಿಸಿ ಅಡಗಿಸಿದ ಸರ್ವಾಧಿಕಾರಿಯ ಹೆಸರು. ಬಿಳಿ ಯೋಧರು 1977ರಲ್ಲಿ ದೇಶದಲ್ಲಿದ್ದ ಜೆಸ್ಯುಟ್ ಪಾದ್ರಿಗಳೆಲ್ಲ ಜುಲೈ 21ರೊಳಗೆ ಜಾಗ ಖಾಲಿ ಮಾಡಬೇಕೆಂದು ಗಡುವು ಕೊಟ್ಟಿದ್ದರು. ಪಾದ್ರಿಗಳು ಹೋಗಲಿಲ್ಲ, ಜಗತ್ತಿನ ಕಣ್ಣು ಆ ದಿನದ ಮೇಲಿತ್ತು, ಗಡುವು ಹಾಗೇ ಕಳೆಯಿತು. ಇಂಥ ಹೆಸರುಗಳನ್ನು ಸಂಘಟನೆಗಳ ಪಟ್ಟಿ ಎಂದು ಓದಬಾರದು. ಒಂದೇ ತಂಡ ಇವತ್ತು ಒಂದು ಹೆಸರಲ್ಲಿ ಚೀಟಿ ಬಿಟ್ಟು ನಾಳೆ ಇನ್ನೊಂದು ಹೆಸರಲ್ಲಿ ಬಿಡಬಹುದು. ಪ್ರಕರಣದ ಟಿಪ್ಪಣಿಯಲ್ಲಿ ಆ ಹೆಸರು ‘ಹೊಣೆ ಹೊತ್ತವರು’ ಎಂಬ ಕಡೆ ಇರಬೇಕೇ ಹೊರತು ‘ಮಾಡಿದವರು’ ಎಂಬಲ್ಲಿ ಅಲ್ಲ. ಎಷ್ಟೋ ಪತ್ರಿಕೆಗಳು ಈ ಎರಡನ್ನೂ ಕಲಸಿ, ಇಲ್ಲದ ಸೇನೆಗಳನ್ನು ಸೃಷ್ಟಿಸಿಕೊಟ್ಟವು.

ಇನ್ನು ಸಾಕ್ಷಿ ಬರೆದುಕೊಳ್ಳುವ ಕೆಲಸ. ಮನೆಯವರನ್ನು ಕಳೆದುಕೊಂಡವರು ರಾಜಧಾನಿ ಸಾನ್ ಸಾಲ್ವಡೋರ್‌ನ ಆರ್ಚ್‌ಬಿಷಪ್ ಕಚೇರಿಗೆ ಬರುತ್ತಿದ್ದರು. ಅಲ್ಲಿ ಮೊದಲು ‘ಸೊಕೋರೊ ಹುರೀದಿಕೊ’, 1982ರಿಂದ ‘ತುತೆಲಾ ಲೆಗಾಲ್’ ಎಂಬ ಕಾನೂನು ನೆರವಿನ ವಿಭಾಗ ಇತ್ತು. ಎರಡನೆಯದನ್ನು ಮರಿಯಾ ಹುಲಿಯಾ ಹೆರ್ನಾಂದೆಸ್ ವರ್ಷಗಟ್ಟಲೆ ನಡೆಸಿದರು. ಇಂಥ ಹೇಳಿಕೆಯಲ್ಲಿ ‘ಶಸ್ತ್ರಧಾರಿಗಳು ಬಂದರು’ ಎಂದಷ್ಟೇ ಇದ್ದರೆ ಅದು ಮುಂದೆ ಯಾವ ಕೆಲಸಕ್ಕೂ ಬಾರದು. ಎಷ್ಟು ಜನ, ಎಷ್ಟು ಹೊತ್ತು ಇದ್ದರು, ಕೂದಲು ಎಷ್ಟು ಗಿಡ್ಡ, ಮಾಮೂಲಿ ಪ್ಯಾಂಟಿನ ಕೆಳಗೆ ಮಿಲಿಟರಿ ಬೂಟು ಇತ್ತೇ, ಕೋವಿ ಉದ್ದದ್ದೋ ಗಿಡ್ಡದ್ದೋ, ಕೈಯಲ್ಲಿ ವೈರ್‌ಲೆಸ್ ಇತ್ತೇ, ಒಬ್ಬರನ್ನೊಬ್ಬರು ಹೆಸರಿನಿಂದ ಕರೆದರೋ ಪದವಿಯಿಂದ ಕರೆದರೋ, ಹೆಸರು ಬಾಯಲ್ಲಿ ಕೇಳಿದರೋ ಕಾಗದ ನೋಡಿ ಓದಿದರೋ. ಗಾಡಿಯ ಬಗ್ಗೆ ಬೇರೆಯೇ ಪ್ರಶ್ನೆಗಳು: ಯಾವ ಮಾದರಿ, ಬಣ್ಣ, ನಂಬರ್ ಪ್ಲೇಟ್ ಇತ್ತೇ, ಹೋದದ್ದು ಯಾವ ದಿಕ್ಕಿಗೆ. ಕಪ್ಪು ಗಾಜಿನ ಚೆರೋಕಿ ಜೀಪು ಆ ಕಾಲದಲ್ಲಿ ಎಷ್ಟು ಕುಖ್ಯಾತವಾಗಿತ್ತೆಂದರೆ ಬೀದಿಯ ತುದಿಯಲ್ಲಿ ಅದು ಕಂಡರೆ ಜನ ಒಳಗೆ ಸೇರಿಕೊಳ್ಳುತ್ತಿದ್ದರು. ಇಲ್ಲೇ ಒಂದು ಅಪಾಯವೂ ಇದೆ. ಕುಖ್ಯಾತವಾದ ವಸ್ತು ಸಾಕ್ಷಿಯ ನೆನಪಿನೊಳಗೆ ತಾನೇ ನುಗ್ಗಿಬಿಡುತ್ತದೆ, ನೋಡಿದ ಪಿಕಪ್ಪೂ ಒಂದು ವಾರದ ಮೇಲೆ ಚೆರೋಕಿ ಆಗಿರುತ್ತದೆ. ಅದಕ್ಕೇ ಕಣ್ಣಾರೆ ಕಂಡದ್ದು ಒಂದು ಕಡೆ, ಪಕ್ಕದ ಮನೆಯವರು ಹೇಳಿದ್ದು ಇನ್ನೊಂದು ಕಡೆ ಬರೆಯಬೇಕು. ಗಾಡಿಯ ಮಾದರಿಯನ್ನು ನಾವಾಗಿ ಬಾಯಿಗೆ ತುರುಕಬಾರದು. ಹೇಳಿಕೆ ಕೊಟ್ಟವರ ಹೆಸರು, ವಿಳಾಸ ಬೇರೆ ಹಾಳೆಯಲ್ಲಿ, ಬೇರೆ ಜಾಗದಲ್ಲಿ ಇರಬೇಕು. ಎರಡನ್ನೂ ಜೋಡಿಸುವುದು ಒಂದು ಸಂಖ್ಯೆ ಮಾತ್ರ.

ಇವೆಲ್ಲದರ ಮೇಲೆ ಹಾಕಿ ನೋಡಬೇಕಾದ್ದು ಕರ್ಫ್ಯೂ. 1981ರ ಜನವರಿಯಲ್ಲಿ ಗೆರಿಲ್ಲಾಗಳ ದೊಡ್ಡ ದಾಳಿಯ ನಂತರ ರಾತ್ರಿ ಕರ್ಫ್ಯೂ ಬಂತು. ಜನಸಾಮಾನ್ಯರ ಗಾಡಿ ರಸ್ತೆಗಿಳಿದರೆ ಗುಂಡೇಟು. ಅಂಥ ರಾತ್ರಿ ಎರಡು ಗಾಡಿಗಳು ನಗರದ ಒಂದು ಬಡಾವಣೆಯಿಂದ ಜನರನ್ನು ತುಂಬಿಕೊಂಡು, ನಾಕಾಬಂದಿ ದಾಟಿ, ಹೊರವಲಯದಲ್ಲಿ ಹೆಣ ಬಿಸಾಡಿ ವಾಪಸಾಗಿವೆ ಎಂದರೆ, ‘ಅಪರಿಚಿತರು’ ಎಂಬ ಮಾತು ಅಲ್ಲಿಗೇ ಸತ್ತಿತು. ಪೊಲೀಸರಿಗೆ ಫೋನ್ ಹೋಯಿತೇ, ಹೋದರೆ ಎಷ್ಟು ಹೊತ್ತಿಗೆ ಬಂದರು ಎಂಬುದನ್ನೂ ಬರೆದುಕೊಳ್ಳಬೇಕು. ಬಾರದೇ ಇದ್ದದ್ದೂ ಸಾಕ್ಷ್ಯವೇ.

ಹಗಲಲ್ಲೇ ನಡೆದ ಪ್ರಕರಣಗಳಲ್ಲಿ ಇದು ಇನ್ನೂ ನಿಚ್ಚಳ. 1980ರ ನವೆಂಬರ್ 27ರಂದು ವಿರೋಧ ಪಕ್ಷಗಳ ಒಕ್ಕೂಟ ಎಫ್‌ಡಿಆರ್‌ನ ಆರು ನಾಯಕರನ್ನು ರಾಜಧಾನಿಯ ಜೆಸ್ಯುಟ್ ಶಾಲೆ ಎಕ್ಸ್‌ತೆರ್ನಾದೊ ಸಾನ್ ಹೊಸೆಯಿಂದ ಎತ್ತಿಕೊಂಡು ಹೋದರು. ಅವರಲ್ಲಿ ಮಾಜಿ ಕೃಷಿ ಸಚಿವ ಎನ್ರಿಕೆ ಆಲ್ವಾರೆಸ್ ಕೂಡ ಇದ್ದರು. ಒಳಗೆ ನುಗ್ಗಿದವರು ಮಫ್ತಿಯವರು, ಹೊರಗೆ ಶಾಲೆಯನ್ನು ಸುತ್ತುವರಿದು ನಿಂತವರು ಭದ್ರತಾ ಪಡೆಯವರು. ಆರೂ ಹೆಣಗಳು ಇಲೊಪಾಂಗೊ ಸರೋವರದ ಕಡೆ ಸಿಕ್ಕವು. ಮಾರ್ತಿನೆಸ್ ಬ್ರಿಗೇಡ್ ಹೊಣೆ ಹೊತ್ತಿತು. ಒಳಗಿನ ವರ್ತುಲಕ್ಕೆ ಹೆಸರಿಲ್ಲ, ಹೊರಗಿನ ವರ್ತುಲಕ್ಕೆ ಸಮವಸ್ತ್ರ: ಈ ಎರಡು ವರ್ತುಲದ ವಿನ್ಯಾಸ ಗುರುತಿಸಲು ಕಲಿತವರಿಗೆ ಬಹಳಷ್ಟು ಪ್ರಕರಣಗಳು ತಾವಾಗಿ ತೆರೆದುಕೊಳ್ಳುತ್ತವೆ. ಒಳಗಿನವರ ಹೆಸರು ಸಿಗದಿದ್ದರೂ ಹೊರಗಿನವರ ಡ್ಯೂಟಿ ರಿಜಿಸ್ಟರ್ ಯಾವುದೋ ಠಾಣೆಯಲ್ಲಿ ಇರಲೇಬೇಕಲ್ಲ.

ಹೆಣದ ವಿಷಯಕ್ಕೆ ಬಂದರೆ, ಕೊಂದವರು ಅದನ್ನು ಮುಚ್ಚಿಡುವ ಗೋಜಿಗೆ ಹೋಗುತ್ತಿರಲಿಲ್ಲ. ರಾಜಧಾನಿಯ ಹತ್ತಿರದ ಎಲ್ ಪ್ಲಾಯೋನ್ ಎಂಬ ಲಾವಾ ಬಯಲು, ಪುಯೆರ್ತಾ ದೆಲ್ ದಿಯಾಬ್ಲೊ ಎಂಬ ಬಂಡೆಗಳ ಕಣಿವೆ ಹೆಣ ಎಸೆಯುವ ಜಾಗಗಳೆಂದು ಎಲ್ಲರಿಗೂ ಗೊತ್ತಿತ್ತು. ಬೆನ್ನ ಹಿಂದೆ ಹೆಬ್ಬೆರಳುಗಳನ್ನು ಕಟ್ಟಿದ ಗುರುತು ಮತ್ತೆ ಮತ್ತೆ ಕಾಣುತ್ತಿತ್ತು. ಮಾನವ ಹಕ್ಕು ಆಯೋಗ ಎಂಬ ಸರ್ಕಾರೇತರ ಸಂಸ್ಥೆಯವರು ಬೆಳಗಾಗುತ್ತಲೇ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಬಿಸಿಲೇರಿದರೆ ಮುಖ ಗುರುತು ಸಿಗದಷ್ಟು ಬಾಡುತ್ತದೆ, ಹದ್ದು ನಾಯಿಗಳ ಕಾಟ ಬೇರೆ. ಇಂಥ ಫೋಟೊ ತೆಗೆಯುವಾಗ ಮುಖ ಒಂದೇ ಸಾಲದು: ಬಟ್ಟೆ, ಚಪ್ಪಲಿ, ಬೆಲ್ಟಿನ ಬಕಲ್, ಹಲ್ಲು, ಹಳೆ ಗಾಯದ ಕಲೆ, ಕೈ ಕಟ್ಟಿದ ಹಗ್ಗದ ಗಂಟು, ನೆಲದ ಮೇಲೆ ಹೆಣ ಇದ್ದ ಭಂಗಿ ಎಲ್ಲವೂ ಬೇಕು. ಈ ಫೋಟೊಗಳ ಆಲ್ಬಮ್‌ಗಳನ್ನು ಕಚೇರಿಯಲ್ಲಿಟ್ಟಿದ್ದರು. ತಾಯಂದಿರು ಬಂದು ಪುಟ ತಿರುಗಿಸುತ್ತಿದ್ದರು. ಎಷ್ಟೋ ಸಲ ಗುರುತು ಹತ್ತುತ್ತಿದ್ದದ್ದು ಮುಖದಿಂದಲ್ಲ, ತಾವೇ ಹೊಲಿದ ಅಂಗಿಯ ತೇಪೆಯಿಂದ. ಆ ಕೆಲಸಕ್ಕೆ ತೆತ್ತ ಬೆಲೆಯೂ ಕಡಿಮೆಯಲ್ಲ. ಆಯೋಗದ ಅಧ್ಯಕ್ಷೆ ಮರಿಯಾನೆಲ್ಲಾ ಗಾರ್ಸಿಯಾ ವಿಯಾಸ್ ಅವರನ್ನು 1983ರ ಮಾರ್ಚ್‌ನಲ್ಲಿ, ಎರ್ಬೆರ್ತ್ ಅನಾಯಾ ಅವರನ್ನು 1987ರ ಅಕ್ಟೋಬರ್‌ನಲ್ಲಿ ಕೊಂದರು.

ಕಾನೂನಿನ ಪ್ರಕಾರ ಹೆಣ ಎತ್ತುವ ಮುನ್ನ ಸ್ಥಳೀಯ ನ್ಯಾಯಾಧಿಕಾರಿ ಬಂದು ಮಹಜರು ಮಾಡಬೇಕು. ಕೊಂಡಿ ಕಳಚುತ್ತಿದ್ದದ್ದು ಸಾಮಾನ್ಯವಾಗಿ ಇಲ್ಲೇ. 1980ರ ಡಿಸೆಂಬರ್ 2ರ ರಾತ್ರಿ ವಿಮಾನ ನಿಲ್ದಾಣದಿಂದ ಹೊರಟ ನಾಲ್ವರು ಅಮೆರಿಕನ್ ಮಹಿಳೆಯರನ್ನು, ಮೂವರು ಸನ್ಯಾಸಿನಿಯರು ಮತ್ತು ಒಬ್ಬ ಚರ್ಚ್ ಕಾರ್ಯಕರ್ತೆ, ಮಫ್ತಿಯಲ್ಲಿದ್ದ ನ್ಯಾಷನಲ್ ಗಾರ್ಡ್‌ನವರು ತಡೆದು, ಅತ್ಯಾಚಾರ ಮಾಡಿ ಕೊಂದರು. ಮರುದಿನ ಹಳ್ಳಿಯವರು ರಸ್ತೆ ಬದಿಯಲ್ಲಿ ಹೆಣ ಕಂಡು ಸುದ್ದಿ ಮುಟ್ಟಿಸಿದರೆ, ನ್ಯಾಯಾಧಿಕಾರಿ ‘ಅಪರಿಚಿತ ಶವಗಳು’ ಎಂದು ಬರೆದು ಕೂಡಲೇ ಹೂಳಿಸಿದ. ಬೆಳ್ಳಗಿನ ವಿದೇಶಿ ಹೆಂಗಸರು ಎಂದು ಕಣ್ಣಿಗೆ ಕಂಡರೂ ಯಾರಿಗೂ ಫೋನ್ ಮಾಡಲಿಲ್ಲ. ಆತ ವಿಶೇಷ ದುಷ್ಟ ಎಂದೇನೂ ಅಲ್ಲ. ಆ ಭಾಗದಲ್ಲಿ ಅನಾಥ ಹೆಣಕ್ಕೆ ಅದೇ ರೂಢಿಯಾಗಿತ್ತು. ಸತ್ತವರು ಅಮೆರಿಕದವರಾದ್ದರಿಂದ ರಾಯಭಾರಿ ರಾಬರ್ಟ್ ವೈಟ್ ಸ್ವತಃ ಹೋಗಿ ನಿಂತು ಗುಂಡಿ ತೆಗೆಸಿದರು, ಎಫ್‌ಬಿಐ ಬಂತು, 1984ರ ಮೇನಲ್ಲಿ ಐವರು ಗಾರ್ಡ್‌ಗಳಿಗೆ ಶಿಕ್ಷೆಯಾಯಿತು. ನಡುವೆ ಅಧಿಕಾರಿಗಳು ಆರೋಪಿಗಳ ರೈಫಲ್‌ಗಳನ್ನು ಬದಲಾಯಿಸಿಡಲು ಸೂಚಿಸಿದ್ದರೆಂದು, ಯುದ್ಧಕಾಲದ ದೌರ್ಜನ್ಯಗಳ ತನಿಖೆಗೆ ಆಮೇಲೆ ಬಂದ ವಿಶ್ವಸಂಸ್ಥೆಯ ಸತ್ಯ ಆಯೋಗ ಹೇಳಿತು. ಅದೇ ರಸ್ತೆ ಬದಿಯಲ್ಲಿ ಸಿಕ್ಕ ಸ್ಥಳೀಯರ ಹೆಣಗಳಿಗೆ ಯಾವ ಎಫ್‌ಬಿಐಯೂ ಬರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಕೋರ್ಟಿನ ಇನ್ನೊಂದು ಬಾಗಿಲು ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ. ಅರ್ಜಿ ಹಾಕಿದರೆ ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂಬ ಉತ್ತರವೇ ಬರುತ್ತದೆಂದು ವಕೀಲರಿಗೆ ಗೊತ್ತಿತ್ತು. ಆದರೂ ಹಾಕುತ್ತಿದ್ದರು. ಬ್ಯಾರಕ್ಕಿನ ನಿರಾಕರಣೆಗೆ ತಾರೀಖು, ಸಹಿ ಬಿದ್ದರೆ, ಅದೇ ವಾರ ಒಳಗಿದ್ದು ಬಿಡುಗಡೆಯಾದ ಇನ್ನೊಬ್ಬ ಕೈದಿ ‘ಅವರನ್ನು ಅಲ್ಲಿ ನೋಡಿದೆ’ ಎಂದ ದಿನ ಆ ಕಾಗದ ಸುಳ್ಳಿನ ಪುರಾವೆಯಾಗುತ್ತದೆ. ಅರ್ಜಿ ತಡವಾದಷ್ಟೂ ಈ ಲಾಭ ಕೈತಪ್ಪುತ್ತದೆ. ಮನೆಯವರು ಹೆದರಿಕೊಂಡು, ತಾವಾಗಿ ಬಿಡಬಹುದೆಂದು ಕಾಯ್ದು, ವಾರಗಳ ಮೇಲೆ ಬರುತ್ತಿದ್ದರು.

ಎಲ್ಲ ಕೊಂಡಿಗಳೂ ಒಟ್ಟಿಗೆ ಕಾಣುವ ಪ್ರಕರಣ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರದ್ದು. 1980ರ ಮಾರ್ಚ್ 23, ಭಾನುವಾರದ ಪ್ರವಚನದಲ್ಲಿ ಅವರು ಸೈನಿಕರನ್ನೇ ನೇರವಾಗಿ ಉದ್ದೇಶಿಸಿ, ನಿಮ್ಮದೇ ಜನರನ್ನು ಕೊಲ್ಲುವ ಆಜ್ಞೆ ಪಾಲಿಸಬೇಡಿ ಎಂದರು. ಮಾರನೇ ದಿನ ಸಂಜೆ ದಿವೀನಾ ಪ್ರೊವಿದೆನ್ಸಿಯಾ ಆಸ್ಪತ್ರೆಯ ಚಿಕ್ಕ ಪ್ರಾರ್ಥನಾಲಯದಲ್ಲಿ ಪೂಜೆ ಸಲ್ಲಿಸುತ್ತಿದ್ದಾಗ ಅವರ ಎದೆಗೆ ಗುಂಡು ಬಿತ್ತು. ಅದು ಪತ್ರಿಕೆಯೊಂದರ ಮಾಲೀಕರ ತಾಯಿಯ ವರ್ಷದ ಪೂಜೆ. ಜಾಗ, ಹೊತ್ತು, ಪೂಜೆ ಮಾಡಿಸುವವರ ಹೆಸರು ಎಲ್ಲವೂ ಅಂದಿನ ಪತ್ರಿಕೆಗಳಲ್ಲಿ ಪ್ರಕಟಣೆಯಾಗಿ ಬಂದಿತ್ತು. ಕೆಂಪು ಫೋಕ್ಸ್‌ವ್ಯಾಗನ್ ಬಾಗಿಲ ಬಳಿ ಬಂದು ನಿಂತಿತು. ಹಿಂದಿನ ಸೀಟಿನಿಂದ ಒಂದೇ ಗುಂಡು. ಹೆಚ್ಚು ವೇಗದ .22 ಕ್ಯಾಲಿಬರ್ ಗುಂಡದು, ದೇಹದೊಳಗೆ ಚೂರಾಯಿತು.

ಮುಂದಿನದ್ದು ನೋಡಿ. ಪೊಲೀಸರು ಸ್ಥಳದಲ್ಲಿ ಭೌತಿಕ ಸಾಕ್ಷ್ಯ ಸಂಗ್ರಹಿಸಲೇ ಇಲ್ಲ. ತನಿಖೆ ಕೈಗೆತ್ತಿಕೊಂಡ ನ್ಯಾಯಾಧೀಶ ಆತಿಲಿಯೊ ರಮೀರೆಸ್ ಅಮಾಯಾ ಅವರ ಮೇಲೆ ಮೂರೇ ದಿನಕ್ಕೆ ಮನೆಯಲ್ಲೇ ದಾಳಿಯಾಯಿತು. ಅವರು ದೇಶ ಬಿಟ್ಟರು. ಪ್ರಕರಣ ಅಲ್ಲಿಗೆ ನಿಂತುಹೋಗುತ್ತಿತ್ತು. ಆದರೆ ಮೇ 7ರಂದು, ಕೊಲೆಗೆ ಸಂಬಂಧವೇ ಇಲ್ಲದ ಕಾರಣಕ್ಕೆ, ಸಾಂತಾ ತೆಕ್ಲಾ ಬಳಿಯ ಸಾನ್ ಲೂಯಿಸ್ ಎಂಬ ಎಸ್ಟೇಟಿನ ಮೇಲೆ ಸೈನ್ಯದ ಸುಧಾರಣಾವಾದಿ ಬಣ ದಾಳಿ ಮಾಡಿತು. ದಂಗೆಯ ಸಂಚು ನಡೆಸಿದ್ದಾರೆಂಬ ಆರೋಪದ ಮೇಲೆ ಡಾಬ್ಯುಸನ್ ಮತ್ತು ಅವನ ಜೊತೆಗಿದ್ದ ಮಿಲಿಟರಿಯವರು, ನಾಗರಿಕರು ಸಿಕ್ಕಿಬಿದ್ದರು. ಜೊತೆಗೆ ಸಿಕ್ಕಿದ್ದು ಕಾಗದ. ಅದರಲ್ಲಿ ಮುಖ್ಯವಾದ್ದು ಕ್ಯಾಪ್ಟನ್ ಆಲ್ವಾರೊ ಸರಾವಿಯಾನ ಡೈರಿ: ಶಸ್ತ್ರಾಸ್ತ್ರದ ಖರೀದಿ, ಸಾಗಣೆ, ಯಾರಿಗೆ ಎಷ್ಟು ಹಣ, ಫೋನ್ ನಂಬರ್, ಹೆಸರುಗಳು. ಇನ್ನೊಂದು ಹಾಳೆಯಲ್ಲಿ ‘ಅನಾನಸ್ ಕಾರ್ಯಾಚರಣೆ’ ಎಂಬ ತಲೆಬರಹದ ಕೆಳಗೆ ಒಬ್ಬ ಚಾಲಕ, ಒಬ್ಬ ಗುರಿಕಾರ, ನಾಲ್ವರು ಕಾವಲಿನವರು ಎಂದು ಬೇಕಾದವರ ಲೆಕ್ಕ. ಗುತ್ತಿಗೆದಾರ ಬರೆದಿಟ್ಟ ಸಾಮಾನಿನ ಚೀಟಿಯಂತಿದೆ ಅದು. ಕೊಲೆಗಡುಕರು ಲೆಕ್ಕ ಬರೆದಿಡುತ್ತಾರೆಯೇ ಎಂದು ಅನುಮಾನ ಬರುವುದು ಸಹಜ. ಹಣ ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕಾದವರು ಬರೆದಿಡಲೇಬೇಕಾಗುತ್ತದೆ. ಶ್ರೀಮಂತ ಜಮೀನ್ದಾರರು, ಮಯಾಮಿಯಲ್ಲಿ ಕೂತ ವಲಸಿಗರು ಹಣ ಹಾಕಿದ್ದರು. ದುಡ್ಡು ಎಲ್ಲಿ ಹೋಯಿತೆಂದು ಅವರೂ ಕೇಳುತ್ತಾರೆ.

ಬಂಧಿತರು ‘ಸಾಕ್ಷ್ಯಾಧಾರವಿಲ್ಲ’ ಎಂದು ಕೆಲವೇ ದಿನಗಳಲ್ಲಿ ಹೊರಬಂದರು. ದಾಳಿ ಮಾಡಿಸಿದ ಬಣದ ಕೈಯೇ ಸೈನ್ಯದೊಳಗೆ ಕೆಳಗಾಯಿತು. ಡೈರಿ ಉಳಿಯಿತು. ಕಾರಿನ ಚಾಲಕ ಬಾಯಿ ಬಿಟ್ಟದ್ದು 1987ರ ನವೆಂಬರಿನಲ್ಲಿ: ಸರಾವಿಯಾ ಹೇಳಿದ ಕಡೆ ಕಾರು ಒಯ್ದದ್ದು, ಹಿಂದೆ ಕೂತ ಗಡ್ಡದವನು ಗುಂಡು ಹಾರಿಸಿದ್ದು, ಆಮೇಲೆ ಸರಾವಿಯಾ ಡಾಬ್ಯುಸನ್‌ಗೆ ವರದಿ ಒಪ್ಪಿಸಿದ್ದು. ಆಗ ಅಮೆರಿಕದಲ್ಲಿದ್ದ ಸರಾವಿಯಾನನ್ನು ಕರೆಸಲು ಮಾಡಿದ ಕೋರಿಕೆಯನ್ನು ಎಲ್ ಸಾಲ್ವಡೋರ್‌ನ ಸುಪ್ರೀಂ ಕೋರ್ಟ್ 1988ರಲ್ಲಿ ತಳ್ಳಿಹಾಕಿತು. ಏಳು ವರ್ಷ ಕಳೆದ ಮೇಲಿನ ಸಾಕ್ಷಿ ನಂಬಲರ್ಹವಲ್ಲ ಎಂದಿತು. ಆ ಏಳು ವರ್ಷ ಕಳೆದದ್ದು ಯಾರ ದೆಸೆಯಿಂದ ಎಂಬ ಪ್ರಶ್ನೆ ತೀರ್ಪಿನಲ್ಲಿ ಇರಲಿಲ್ಲ. ಡಾಬ್ಯುಸನ್ ಅಷ್ಟರಲ್ಲಿ ಬಲಪಂಥೀಯ ಅರೇನಾ ಪಕ್ಷ ಕಟ್ಟಿ, ಸಂವಿಧಾನ ಸಭೆಯ ಅಧ್ಯಕ್ಷನಾಗಿ, 1984ರಲ್ಲಿ ರಾಷ್ಟ್ರಾಧ್ಯಕ್ಷ ಚುನಾವಣೆಗೆ ನಿಂತು ಸೋತಿದ್ದ. 1992ರ ಫೆಬ್ರವರಿಯಲ್ಲಿ ಕ್ಯಾನ್ಸರಿನಿಂದ ಸತ್ತ. ಕೊಲೆಗೆ ಆಜ್ಞೆ ಕೊಟ್ಟವನು ಅವನೇ ಎಂದು ಸತ್ಯ ಆಯೋಗ ಬರೆದದ್ದು ಅದರ ಮರುವರ್ಷ.

ಪಡೆಗಳನ್ನು ಹಿಡಿತದಲ್ಲಿಡಲು ಸರ್ಕಾರಕ್ಕೇ ಆಗುತ್ತಿಲ್ಲ ಎಂಬ ವಾದ ಆಗ ವಾಷಿಂಗ್ಟನ್ನಿನಲ್ಲಿ ಬಹಳ ಚಾಲ್ತಿಯಲ್ಲಿತ್ತು. 1983ರ ಡಿಸೆಂಬರಿನಲ್ಲಿ ಅದರ ಪರೀಕ್ಷೆಯಾಯಿತು. ಅಮೆರಿಕದ ಉಪಾಧ್ಯಕ್ಷ ಜಾರ್ಜ್ ಬುಷ್ ಸಾನ್ ಸಾಲ್ವಡೋರ್‌ಗೆ ಬಂದು ಸೇನಾಧಿಕಾರಿಗಳನ್ನು ಕೂರಿಸಿಕೊಂಡು, ಹಂತಕ ಪಡೆಗಳ ಜೊತೆ ಸಂಬಂಧವಿದ್ದ ಅಧಿಕಾರಿಗಳನ್ನು ಹೊರಗೆ ಹಾಕದಿದ್ದರೆ ಅಮೆರಿಕದ ನೆರವಿಗೆ ಅಲ್ಲಿನ ಸಂಸತ್ತಿನಲ್ಲಿ ಬೆಂಬಲ ಸಿಗದು ಎಂದು ಹೇಳಿದರು. ಹೆಸರುಗಳ ಪಟ್ಟಿಯೂ ಕೈಸೇರಿತು. ಕೆಲವರನ್ನು ವಿದೇಶಿ ಹುದ್ದೆಗಳಿಗೆ ಕಳಿಸಿದರು, ಅಷ್ಟೇ. ಯಾರ ಮೇಲೂ ಮೊಕದ್ದಮೆ ಇಲ್ಲ. ಆದರೂ 1984ರಲ್ಲಿ ಪಡೆಗಳ ಕೊಲೆ ಎದ್ದು ಕಾಣುವಷ್ಟು ಇಳಿಯಿತು. ಬೆರಳೆಣಿಕೆಯ ಅಧಿಕಾರಿಗಳ ವರ್ಗಾವಣೆಗೆ ಬಗ್ಗುವ ಹಿಂಸೆಯನ್ನು ‘ನಿಯಂತ್ರಣ ಮೀರಿದ್ದು’ ಎಂದು ಕರೆಯಲು ಬರುವುದಿಲ್ಲ.

ಲೆಕ್ಕದ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದ ರಾಯಭಾರ ಕಚೇರಿ ವಾರಕ್ಕೊಮ್ಮೆ ಕಳಿಸುತ್ತಿದ್ದ ಸಾವಿನ ವರದಿಗೆ ‘ಗ್ರಿಮ್‌ಗ್ರಾಂ’ ಎಂಬ ಅಡ್ಡಹೆಸರಿತ್ತು. ಅದರ ಮೂಲ ಬಹುಮಟ್ಟಿಗೆ ಸ್ಥಳೀಯ ಪತ್ರಿಕೆಗಳು. ಪತ್ರಿಕೆಗಳಿಗೆ ರಾಜಧಾನಿಯ ಆಚೆ ಕಣ್ಣಿರಲಿಲ್ಲ. ಸರ್ಕಾರವನ್ನು ಪ್ರಶ್ನಿಸುತ್ತಿದ್ದ ‘ಲಾ ಕ್ರೊನಿಕಾ’ ಮತ್ತು ‘ಎಲ್ ಇಂದೆಪೆಂದಿಯೆಂತೆ’ ಎರಡೂ 1980-81ರಲ್ಲಿ ಮುಚ್ಚಿಹೋದವು. ಎರಡನೆಯದು ರೊಮೆರೊ ಕೊನೆಯ ಪೂಜೆ ಸಲ್ಲಿಸಿದ್ದು ಯಾರ ತಾಯಿಗೋ ಅವರ ಪತ್ರಿಕೆಯೇ. ವರದಿ ಮಾಡುವವರು ಕಡಿಮೆಯಾದರೆ ವರದಿಯಾಗುವ ಸಾವೂ ಕಡಿಮೆಯಾಗುತ್ತದೆ, ಅದನ್ನು ‘ಪರಿಸ್ಥಿತಿ ಸುಧಾರಿಸಿದೆ’ ಎಂದು ಓದುವವರು ಕಾಯ್ದಿರುತ್ತಾರೆ. ಚರ್ಚಿನ ಲೆಕ್ಕ ಸಾಕ್ಷಿಗಳ ಹೇಳಿಕೆಯಿಂದ ಬಂದದ್ದು, ಹಳ್ಳಿಗಳನ್ನೂ ಒಳಗೊಂಡದ್ದು. ಅದರಲ್ಲಿ ಸತ್ತ ಗೆರಿಲ್ಲಾಗಳೂ ಸೇರಿದ್ದಾರೆ ಎಂಬ ತಕರಾರು ಅದಕ್ಕಿತ್ತು. ಎರಡೂ ಅಂಕಿಗಳನ್ನು ಕೂಡಿ ಎರಡರಿಂದ ಭಾಗಿಸಿ ‘ಸರಾಸರಿ’ ತೆಗೆಯುವವರನ್ನು ನಂಬಬೇಡಿ. ಅಳೆದ ವಸ್ತುವೇ ಬೇರೆ ಬೇರೆ.

ಯುದ್ಧ ಮುಗಿಸಿದ ಶಾಂತಿ ಒಪ್ಪಂದದ ಭಾಗವಾಗಿ ಬಂದ ಸತ್ಯ ಆಯೋಗದಲ್ಲಿ ಕೊಲಂಬಿಯಾದ ಮಾಜಿ ರಾಷ್ಟ್ರಾಧ್ಯಕ್ಷ ಬೆಲಿಸಾರಿಯೊ ಬೆತಾಂಕುರ್, ವೆನೆಜುವೆಲಾದ ರೆಯಿನಾಲ್ದೊ ಫಿಗುರೇದೊ, ಅಮೆರಿಕದ ಥಾಮಸ್ ಬರ್ಗೆಂಥಾಲ್ ಇದ್ದರು. ಸದಸ್ಯರು ಬೇಕೆಂದೇ ಮೂವರೂ ಹೊರಗಿನವರು. ಅವರ ಕೈಸೇರಿದ ದೂರುಗಳು 22,000ಕ್ಕೂ ಹೆಚ್ಚು. ಒಬ್ಬನೇ ಸಾಕ್ಷಿಯ ಮೇಲೆ ಯಾರ ಹೆಸರನ್ನೂ ಬರೆಯಬಾರದು, ಒಂದೊಂದು ತೀರ್ಮಾನಕ್ಕೂ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಮೂರು ದರ್ಜೆಯಲ್ಲಿ ಹೇಳಬೇಕು ಎಂದು ನಿಯಮ ಹಾಕಿಕೊಂಡರು. ದೂರುಗಳಲ್ಲಿ ಸುಮಾರು 85 ಪ್ರತಿಶತ ಸರ್ಕಾರಿ ಪಡೆಗಳು, ಅವುಗಳ ಜೊತೆಗಿದ್ದ ಅರೆಸೈನಿಕರು ಮತ್ತು ಹಂತಕ ಪಡೆಗಳ ಮೇಲೆ. ಸುಮಾರು 5 ಪ್ರತಿಶತ ಗೆರಿಲ್ಲಾ ಸಂಘಟನೆ ಎಫ್‌ಎಂಎಲ್‌ಎನ್ ಮೇಲೆ. ಎಫ್‌ಎಂಎಲ್‌ಎನ್ 1985ರಿಂದ 1988ರ ನಡುವೆ ಊರುಗಳ ಮೇಯರ್‌ಗಳನ್ನು ಕೊಂದದ್ದು ಆ ವರದಿಯಲ್ಲೇ ಇದೆ, ಅದನ್ನು ಬಿಟ್ಟು ಹೇಳುವುದು ಸರಿಯಲ್ಲ. ಹಂತಕ ಪಡೆಗಳದ್ದೆಂದು ಬಂದ ದೂರು ಒಟ್ಟಿನಲ್ಲಿ 10 ಪ್ರತಿಶತಕ್ಕೆ ಸ್ವಲ್ಪ ಮೇಲೆ ಮಾತ್ರ. ಆಯೋಗಕ್ಕೆ ನೇರ ಸಾಕ್ಷ್ಯ ಸಿಕ್ಕ ಇಂಥ ಬಲಿಪಶುಗಳು 817. ಮಿಕ್ಕ ಬಹುಪಾಲು ಹಿಂಸೆ ಹಳ್ಳಿಗಾಡಿನಲ್ಲಿ ಸಮವಸ್ತ್ರ ತೊಟ್ಟವರೇ ಮಾಡಿದ್ದು.

ಈ ಅಂಕಿ ಬಹಳ ಜನರಿಗೆ ಅಚ್ಚರಿ ತರುತ್ತದೆ. ಮುಖವಾಡದ ಪಡೆಗಳು ಸುದ್ದಿಯಲ್ಲಿ ತುಂಬಿಕೊಂಡಿದ್ದಾಗ ಸೈನ್ಯ ಹಳ್ಳಿಗಳಲ್ಲಿ ಏನು ಮಾಡುತ್ತಿದೆ ಎಂಬುದು ಹಿನ್ನೆಲೆಗೆ ಸರಿದಿತ್ತು. 1981ರ ಡಿಸೆಂಬರಿನಲ್ಲಿ ಅಟ್ಲಕಾಟ್ಲ್ ಬೆಟಾಲಿಯನ್ ಎಲ್ ಮೊಸೊಟೆಯಲ್ಲಿ ಹಳ್ಳಿಗೆ ಹಳ್ಳಿಯನ್ನೇ ಮುಗಿಸಿದಾಗ ಅಂಥದ್ದು ನಡೆದೇ ಇಲ್ಲ ಎಂದು ಎಲ್ ಸಾಲ್ವಡೋರ್, ಅಮೆರಿಕ ಎರಡೂ ಸರ್ಕಾರಗಳು ವರ್ಷಗಟ್ಟಲೆ ವಾದಿಸಿದವು. 1992ರಲ್ಲಿ ಅರ್ಜೆಂಟೀನಾದ ವಿಧಿವಿಜ್ಞಾನ ತಂಡ ಅಲ್ಲಿನ ಚರ್ಚಿನ ಪಕ್ಕದ ಒಂದೇ ಕೋಣೆಯನ್ನು ಅಗೆಯಿತು: ಕನಿಷ್ಠ 143 ಜನರ ಅವಶೇಷ, 136 ಮಕ್ಕಳು ಮತ್ತು ಹದಿಹರೆಯದವರು. ಸಿಕ್ಕ 245 ಖಾಲಿ ತೋಟಾಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಎಂ-16 ರೈಫಲಿನವು. 184ರ ಬುಡದಲ್ಲಿ ಓದಬಹುದಾದ ಮುದ್ರೆ ಇತ್ತು: ಅಮೆರಿಕ ಸರ್ಕಾರಕ್ಕಾಗಿ ಮಿಸ್ಸೌರಿಯ ಲೇಕ್ ಸಿಟಿಯಲ್ಲಿ ತಯಾರಾದವು. ಕನಿಷ್ಠ 24 ಜನ ಗುಂಡು ಹಾರಿಸಿದ್ದಾರೆಂದು ತಜ್ಞರು ಹೇಳಿದರು. ನೆಲ ಕೆದಕದೆ ಬಿಟ್ಟಿದ್ದರಿಂದಲೇ ಇಷ್ಟು ಸಿಕ್ಕಿತು. ಮನೆಯವರು ಆತುರಪಟ್ಟು ತಾವೇ ಅಗೆದ ಕಡೆ ಯಾವ ಮೂಳೆ ಯಾರದ್ದು, ಯಾವ ತೋಟಾ ಯಾವ ಪದರದ್ದು ಎಂಬುದು ಕಲಸಿಹೋಗುತ್ತದೆ. ಆ ಆತುರವನ್ನು ತಪ್ಪೆನ್ನುವ ಮನಸ್ಸು ಯಾರಿಗೂ ಬಾರದು.

ಸತ್ಯ ಆಯೋಗದ ವರದಿ 1993ರ ಮಾರ್ಚ್ 15ರಂದು ಹೊರಬಿತ್ತು. ಐದನೇ ದಿನಕ್ಕೆ ಸಂಸತ್ತು ಸಾರ್ವತ್ರಿಕ ಕ್ಷಮಾದಾನ ಕಾನೂನು ಪಾಸು ಮಾಡಿತು. ಅದೇ ವರ್ಷದ ಕೊನೆಯಲ್ಲಿ ಎಫ್‌ಎಂಎಲ್‌ಎನ್‌ನ ಮಾಜಿ ಕಮಾಂಡರ್‌ಗಳ ಕೊಲೆ ಮತ್ತೆ ಶುರುವಾದಾಗ ವಿಶ್ವಸಂಸ್ಥೆಯ ಒತ್ತಾಯದ ಮೇಲೆ ಜಂಟಿ ತನಿಖಾ ತಂಡ ರಚನೆಯಾಯಿತು. ಹಳೆ ಪಡೆಗಳ ರಚನೆ ಸಂಘಟಿತ ಅಪರಾಧದ ಕಡೆಗೆ ವಾಲಿದೆ ಎಂದು ಅದು 1994ರ ಜುಲೈನಲ್ಲಿ ವರದಿ ಕೊಟ್ಟಿತು. ಕೆಲಸ ಕಲಿತವರು ಹೊಸ ಗಿರಾಕಿಗಳನ್ನು ಹುಡುಕಿಕೊಂಡಿದ್ದರು.

ಕಾಗದಗಳ ಕಥೆ ಮುಂದುವರಿದಿದೆ. 2013ರ ಸೆಪ್ಟೆಂಬರ್ ಕೊನೆಯಲ್ಲಿ ಆರ್ಚ್‌ಬಿಷಪ್ ಕಚೇರಿ ತುತೆಲಾ ಲೆಗಾಲ್ ಅನ್ನು ದಿಢೀರನೆ ಮುಚ್ಚಿತು. ದಶಕಗಳ ಹೇಳಿಕೆಗಳ ಕಡತ ಒಳಗೇ ಉಳಿದು, ಸಂತ್ರಸ್ತರು ಬಾಗಿಲ ಮುಂದೆ ನಿಂತರು. ನವೆಂಬರ್ 14ರ ಬೆಳಗಿನ ಜಾವ, ಯುದ್ಧದಲ್ಲಿ ಕಾಣೆಯಾದ ಮಕ್ಕಳನ್ನು ಹುಡುಕುವ ಪ್ರೊ-ಬುಸ್ಕೆದಾ ಸಂಸ್ಥೆಯ ಕಚೇರಿಗೆ ಮೂವರು ಶಸ್ತ್ರಧಾರಿಗಳು ನುಗ್ಗಿ, ಕಡತಗಳಿಗೆ ಪೆಟ್ರೋಲ್ ಸುರಿದು ಬೆಂಕಿಯಿಟ್ಟು, ಕಂಪ್ಯೂಟರ್‌ಗಳನ್ನು ಹೊತ್ತೊಯ್ದರು. ಸಂಸ್ಥೆಯವರು ಪ್ರತಿಗಳನ್ನು ಬೇರೆ ಕಡೆ ಇಟ್ಟಿದ್ದರು. ಇಂಥ ಕೆಲಸ ಮಾಡುವವರಿಗೆ ಇದು ಕನಿಷ್ಠ ನಿಯಮ: ಮೂಲ ಒಂದು ಕಡೆ, ಪ್ರತಿ ಬೇರೆ ಕಟ್ಟಡದಲ್ಲಿ, ಇನ್ನೊಂದು ದೇಶದ ಹೊರಗೆ. ಹೇಳಿಕೆದಾರರ ಹೆಸರಿನ ಕೀಲಿಪಟ್ಟಿ ಈ ಮೂರರ ಜೊತೆಗೂ ಇರಕೂಡದು.

ಕ್ಷಮಾದಾನ ಕಾನೂನು ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು 2016ರ ಜುಲೈ 13ರಂದು. ಅಷ್ಟರೊಳಗೆ, 2004ರಲ್ಲಿ, ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ನಡೆದ ಸಿವಿಲ್ ಮೊಕದ್ದಮೆಯೊಂದರಲ್ಲಿ ಸರಾವಿಯಾ ರೊಮೆರೊ ಕೊಲೆಗೆ ಹೊಣೆಗಾರನೆಂದು ತೀರ್ಪಾಗಿ, 1 ಕೋಟಿ ಡಾಲರ್ ಪರಿಹಾರದ ಆದೇಶವಾಗಿತ್ತು. ಆತ ಅದೇ ರಾಜ್ಯದ ಮೊಡೆಸ್ಟೊದಲ್ಲಿ ವಾಸವಿದ್ದವನು, ಮೊಕದ್ದಮೆ ಶುರುವಾಗುವ ಹೊತ್ತಿಗೆ ತಲೆಮರೆಸಿಕೊಂಡಿದ್ದ. 2018ರ ಅಕ್ಟೋಬರ್ 14ರಂದು ರೊಮೆರೊ ಅವರನ್ನು ವ್ಯಾಟಿಕನ್ ಸಂತರೆಂದು ಘೋಷಿಸಿತು. ಅದೇ ತಿಂಗಳು ಸಾನ್ ಸಾಲ್ವಡೋರ್‌ನ ನ್ಯಾಯಾಧೀಶರೊಬ್ಬರು ಸರಾವಿಯಾನನ್ನು ಬಂಧಿಸುವಂತೆ ಆದೇಶ ಹೊರಡಿಸಿದರು. ಅವನ ವಿರುದ್ಧ ಅಷ್ಟು ವರ್ಷ ಉಳಿದಿದ್ದ ಮುಖ್ಯ ಆಧಾರಗಳು 1980ರ ಮೇ ತಿಂಗಳಲ್ಲಿ ಸಿಕ್ಕ ಡೈರಿ ಮತ್ತು 1987ರಲ್ಲಿ ಚಾಲಕ ಕೊಟ್ಟ ಹೇಳಿಕೆಯೇ.